ಕನ್ನಡ ಕ್ರೈಸ್ತ ವಾಙ್ಮಯದಲ್ಲಿ ಶ್ರವಣ

೧

ಕನ್ನಡಕ್ಕೆ ಕ್ರೈಸ್ತ ಮಿಶನರಿಗಳು ಸಲ್ಲಿಸಿದ ಸೇವೆಯ ಪ್ರಸ್ತಾಪ ಬಂದಾಗಲೆಲ್ಲ ವಿದ್ವಾಂಸರು ಎತ್ತಿ ಹೇಳುವ ಸಂಗತಿಗಳು ಬಹುಮಟ್ಟಿಗೆ ಅವೇ ಆಗಿರುತ್ತವೆ. ೧೮೪೩ರ ಜುಲೈ ತಿಂಗಳಲ್ಲಿ ಹರ್ಮನ್ ಮೋಗ್ಲಿಂಗರು ಹೊರಡಿಸಿದ ‘ಮಂಗಳೂರ ಸಮಾಚಾರ’, ಬಾಸೆಲ್ ಮಿಶನ್ನಿನ ಮುದ್ರಣಾಲಯ, ೧೮೯೪ರಲ್ಲಿ ಪ್ರಕಟವಾದ ಫರ್ಡಿನೆಂಡ್ ಕಿಟ್ಟೆಲರ ನಿಘಂಟು, ಹಳಗನ್ನಡ ಗ್ರಂಥಗಳ ಸಂಪಾದನೆ, ಇವುಗಳ ಋಣವನ್ನು ಕನ್ನಡಿಗರು ಮನಸಾರೆ ಒಪ್ಪಿಕೊಂಡಿದ್ದಾರೆ. ಆದರೆ ಆ ಮಹನೀಯರು ಯಾವ ಕಾರ್ಯಕ್ಕಾಗಿ ಸಮುದ್ರವನ್ನು ದಾಟಿ ಬಂದರೋ ಆ ಕಾರ್ಯದಿಂದಲೇ ಹುಟ್ಟಿದ ಬರವಣಿಗೆಯನ್ನು, ಎಂದರೆ ಕನ್ನಡ ಸತ್ಯವೇದವನ್ನೂ ಕ್ರಿಸ್ತಚರಿತೆಗಳನ್ನೂ ಭಕ್ತಿಗೀತಗಳನ್ನೂ, ಸಾಹಿತ್ಯವೆಂದು ಓದಿ ಬೆಲೆಕಟ್ಟಿದವರು ವಿರಳ. ನಿಘಂಟು ಎಲ್ಲರ ಆಸ್ತಿಯಾಯಿತು. ಕೀರ್ತನೆ ಒಂದು ಸಮುದಾಯದ ಮನೆಯೊಳಗೇ ಉಳಿಯಿತು. ಅದನ್ನು ಮತಪ್ರಚಾರದ ಉಪಕರಣವೆಂದು ಕೆಲವರು ಬದಿಗಿಟ್ಟರೆ, ಪೂಜ್ಯವಸ್ತುವೆಂದು ಇನ್ನು ಕೆಲವರು ವಿಮರ್ಶೆಯಿಂದ ದೂರವಿಟ್ಟರು. ಎರಡು ಪಕ್ಷದಿಂದಲೂ ಆದ ನಷ್ಟ ಒಂದೇ.

ಈ ವಾಙ್ಮಯವನ್ನು ಒಳಗಿನಿಂದ ಪರೀಕ್ಷಿಸಲು ಒಂದು ಪ್ರಶ್ನೆಯನ್ನು ಹಿಡಿದು ಹೊರಡುವುದು ಸೂಕ್ತ. ಕ್ರೈಸ್ತಧರ್ಮದಲ್ಲಿ ಸ್ಥಿರವಾದ ನಂಬಿಕೆಗೆ ದಾರಿ ಯಾವುದು? ಕ್ರೈಸ್ತ ಆಚಾರ್ಯರು ಇದಕ್ಕೆ ಹಲವು ಉತ್ತರಗಳನ್ನು ಕೊಟ್ಟಿದ್ದಾರೆ: ಕೃಪೆ, ಸಂಸ್ಕಾರ, ಸತ್ಕರ್ಮ, ಪ್ರಾರ್ಥನೆ. ಆದರೆ ಸತ್ಯವೇದದ ಹಳೆಯ ಒಡಂಬಡಿಕೆಯಿಂದ ಹೊಸದರವರೆಗೆ ಒಂದು ಮಾತು ಎಳೆಯಾಗಿ ಹರಿದು ಬಂದಿದೆ. ದೇವರು ನುಡಿಯುತ್ತಾನೆ, ಮನುಷ್ಯನು ಕೇಳಬೇಕು. ಕಾಣುವುದಕ್ಕಿಂತ ಕೇಳುವುದಕ್ಕೆ ಅಲ್ಲಿ ಪ್ರಾಧಾನ್ಯ. ದೇವರ ಮೂರ್ತಿಯನ್ನು ಮಾಡಕೂಡದೆಂದು ವಿಧಿಸಿದ ಧರ್ಮಕ್ಕೆ ದೇವರ ಮಾತೇ ಆಧಾರವಾದುದು ಸಹಜವಾಗಿದೆ. ಈ ಶ್ರವಣಧರ್ಮ ಕನ್ನಡಕ್ಕೆ ಬಂದಾಗ ಏನಾಯಿತು? ಕನ್ನಡ ಭಾಷೆ ಅದಕ್ಕೆ ಏನನ್ನು ಕೊಟ್ಟಿತು? ಕೊಟ್ಟುದನ್ನು ಅನುವಾದಕರೂ ಕವಿಗಳೂ ಪೂರ್ತಿಯಾಗಿ ಸ್ವೀಕರಿಸಿದರೇ? ಇವು ಇಲ್ಲಿ ವಿಚಾರಿಸತಕ್ಕ ಅಂಶಗಳು.

೨

ಮೊದಲು ಶಬ್ದದ ವಿಚಾರ. ಕನ್ನಡದ ‘ಕೇಳು’ ಎಂಬ ಧಾತುವಿಗೆ ಮೂರು ಅರ್ಥಗಳಿವೆ. ಶಬ್ದವನ್ನು ಕಿವಿಯಿಂದ ಗ್ರಹಿಸುವುದು ಒಂದು: ಹಾಡನ್ನು ಕೇಳಿದನು. ಪ್ರಶ್ನಿಸುವುದು ಅಥವಾ ಬೇಡುವುದು ಎರಡನೆಯದು: ದಾರಿಯನ್ನು ಕೇಳಿದನು, ಸಾಲ ಕೇಳಿದನು. ಹೇಳಿದಂತೆ ನಡೆಯುವುದು ಮೂರನೆಯದು: ತಾಯಿಯ ಮಾತನ್ನು ಕೇಳಿದನು. ‘ಹುಡುಗ ಮಾತು ಕೇಳುವುದಿಲ್ಲ’ ಎಂದು ತಾಯಿ ದೂರಿದಾಗ ಹುಡುಗನು ಕಿವುಡನೆಂದು ಯಾರೂ ಭಾವಿಸುವುದಿಲ್ಲ. ಹೀಗೆ ಕಿವಿ, ನಾಲಗೆ, ನಡತೆ ಈ ಮೂರಕ್ಕೂ ಸಂಬಂಧಿಸಿದ ವ್ಯಾಪಾರಗಳು ಒಂದೇ ಧಾತುವಿನಲ್ಲಿ ಕೂಡಿಕೊಂಡಿವೆ. ವಾಕ್ಯದಲ್ಲಿ ವಿಭಕ್ತಿಯೂ ಸಂದರ್ಭವೂ ಅವನ್ನು ಬೇರ್ಪಡಿಸುತ್ತವೆ. ‘ದೇವರ ಮಾತನ್ನು ಕೇಳು’ ಎಂದರೆ ಶ್ರವಣ ಮತ್ತು ವಿಧೇಯತೆ. ‘ದೇವರನ್ನು ಕೇಳು’ ಎಂದರೆ ಪ್ರಶ್ನೆ ಅಥವಾ ಬೇಡಿಕೆ.

ಈ ಸಂಗತಿಯ ವಿಶೇಷ ಕನ್ನಡ ನಾಡಿನೊಳಗೇ ಇರುವವರಿಗೆ ಒಡನೆ ಹೊಳೆಯಲಿಕ್ಕಿಲ್ಲ. ಎರಡು ಭಾಷೆಗಳ ನಡುವೆ ಬದುಕುವವರಿಗೆ ಅದು ಬೇಗ ಗೋಚರವಾಗುತ್ತದೆ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ನೆಲಸಿರುವ ಕನ್ನಡಿಗನು ಮನೆಯಲ್ಲಿ ಕನ್ನಡವನ್ನೂ ಬೀದಿಯಲ್ಲಿ ಮರಾಠಿಯನ್ನೂ ಆಡುತ್ತಾನೆ. ಮರಾಠಿಯ ‘ಐಕಣೇ’ ಎಂಬ ಶಬ್ದಕ್ಕೆ ಶ್ರವಣ, ವಿಧೇಯತೆ ಎಂಬ ಎರಡು ಅರ್ಥಗಳುಂಟು. ಮಾತು ಕೇಳದ ಮಗುವನ್ನು ಅಲ್ಲಿಯ ತಾಯಿಯೂ ಅದೇ ಶಬ್ದದಿಂದ ಗದರಿಸುತ್ತಾಳೆ. ಆದರೆ ಪ್ರಶ್ನೆಗೆ ‘ವಿಚಾರಣೇ’, ಬೇಡಿಕೆಗೆ ‘ಮಾಗಣೇ’ ಎಂಬ ಬೇರೆ ಶಬ್ದಗಳು ಬೇಕು. ತೆಲುಗಿನಲ್ಲಿಯೂ ಆಲಿಸುವುದಕ್ಕೆ ‘ವಿನು’, ಪ್ರಶ್ನಿಸುವುದಕ್ಕೆ ‘ಅಡುಗು’ ಎಂಬ ಭೇದವಿದೆ. ತಮಿಳಿನ ‘ಕೇಳ್’, ತುಳುವಿನ ‘ಕೇಣ್’ ಕನ್ನಡದ ಜತೆಗೆ ನಿಲ್ಲುತ್ತವೆ. ಹೊಸದಾಗಿ ಮರಾಠಿ ಕಲಿಯುವ ಕನ್ನಡಿಗನು ಎಲ್ಲಿ ‘ಐಕಣೇ’, ಎಲ್ಲಿ ‘ವಿಚಾರಣೇ’ ಎಂದು ಒಂದು ಕ್ಷಣ ತಡೆಯುವಲ್ಲಿ ಈ ಭೇದದ ಅನುಭವ ಆಗುತ್ತದೆ.

ಸತ್ಯವೇದದ ಮೂಲಭಾಷೆಗಳ ಕಡೆಗೆ ನೋಡಿದರೆ ಈ ವಿಚಾರಕ್ಕೆ ಮತ್ತಷ್ಟು ಬಲ ಬರುತ್ತದೆ. ಹೀಬ್ರೂ ಭಾಷೆಯ ‘ಶಾಮಾ’ ಎಂಬ ಧಾತು ಆಲಿಸುವುದನ್ನೂ ಆಲಿಸಿದಂತೆ ನಡೆಯುವುದನ್ನೂ ಒಟ್ಟಿಗೆ ಹೇಳುತ್ತದೆ. ಯೆಹೂದ್ಯರು ದಿನಕ್ಕೆರಡು ಬಾರಿ ಪಠಿಸುವ ಧರ್ಮಸೂತ್ರ ಆರಂಭವಾಗುವುದು ಈ ಧಾತುವಿನ ವಿಧಿರೂಪದಿಂದಲೇ. ಗ್ರೀಕಿನಲ್ಲಿ ಶ್ರವಣಕ್ಕೆ ‘ಅಕೊಎ’, ವಿಧೇಯತೆಗೆ ಅದರಿಂದಲೇ ಹುಟ್ಟಿದ ‘ಹುಪಕೊಎ’. ಬಾಸೆಲ್ ಮಿಶನ್ನಿನ ಬೋಧಕರ ಮಾತೃಭಾಷೆಯಾದ ಜರ್ಮನಿನಲ್ಲಿಯೂ ‘ಹ್ಯೋರೆನ್’ ಎಂದರೆ ಕೇಳುವುದು, ‘ಗೆಹೋರ್ಖೆನ್’ ಎಂದರೆ ವಿಧೇಯನಾಗುವುದು. ಎಂದಮೇಲೆ ಶ್ರವಣಧರ್ಮವನ್ನು ಬೋಧಿಸಲು ಬಂದವರಿಗೆ ಕನ್ನಡ ಭಾಷೆ ಸಿದ್ಧವಾದ ಪಾತ್ರೆಯನ್ನೇ ಒದಗಿಸಿತ್ತು. ಅಷ್ಟೇ ಅಲ್ಲ, ಪ್ರಶ್ನಿಸುವ ಮತ್ತು ಬೇಡುವ ಅರ್ಥವನ್ನೂ ಸೇರಿಸಿ ಅವರ ಭಾಷೆಯಲ್ಲಿ ಇಲ್ಲದ ಒಂದು ಸಂಬಂಧವನ್ನೂ ತೋರಿಸಿತ್ತು. ಕೇಳಿಕೊಳ್ಳುವವನೇ ಕೇಳಿಸಿಕೊಳ್ಳಬೇಕಾದವನು ಎಂಬ ತತ್ತ್ವ ಕನ್ನಡದಲ್ಲಿ ವ್ಯಾಕರಣದಿಂದಲೇ ಸಿದ್ಧವಾಗುತ್ತದೆ.

೩

ಶ್ರವಣದ ಸ್ವರೂಪವನ್ನು ಸತ್ಯವೇದ ಕಥೆಗಳ ಮೂಲಕ ನಿರೂಪಿಸುತ್ತದೆ. ಅವುಗಳಲ್ಲಿ ಮೂರನ್ನು ಇಲ್ಲಿ ನೆನೆಯಬಹುದು.

ಶೀಲೋವಿನ ದೇವಾಲಯದಲ್ಲಿ ಮಲಗಿದ್ದ ಬಾಲಕ ಸಮುವೇಲನಿಗೆ ರಾತ್ರಿ ತನ್ನ ಹೆಸರು ಹಿಡಿದು ಕರೆದಂತಾಗುತ್ತದೆ. ವೃದ್ಧ ಯಾಜಕ ಏಲಿಯೇ ಕರೆದನೆಂದು ಅವನು ಎದ್ದು ಓಡುತ್ತಾನೆ. ಮೂರು ಬಾರಿ ಹೀಗಾಗುತ್ತದೆ. ಕರೆದವನು ದೇವರೆಂದು ಕೊನೆಗೆ ತಿಳಿಯುವವನು ಏಲಿ. ಆಲಿಸಲು ಸಿದ್ಧನಾಗಿದ್ದೇನೆಂದು ಉತ್ತರಿಸುವ ಬಗೆಯನ್ನು ಹುಡುಗನಿಗೆ ಕಲಿಸುವವನೂ ಅವನೇ. ದೇವರ ದನಿ ಮನುಷ್ಯರ ದನಿಯಂತೆಯೇ ಇತ್ತು, ಅದನ್ನು ಗುರುತಿಸಲು ಇನ್ನೊಬ್ಬನ ನೆರವು ಬೇಕಾಯಿತು ಎಂಬುದು ಈ ಕಥೆಯ ಮರ್ಮ. ಹುಡುಗನು ಮೊದಲು ಕೇಳಿದ ದೇವವಾಣಿ ಏಲಿಯ ಮನೆತನಕ್ಕೇ ವಿರೋಧವಾದ ತೀರ್ಪಾಗಿತ್ತೆಂಬುದನ್ನೂ ಮರೆಯತಕ್ಕದ್ದಲ್ಲ. ಆ ತೀರ್ಪನ್ನು ಮರೆಮಾಡದೆ ಹೇಳೆಂದು ಏಲಿ ಒತ್ತಾಯಿಸಿದನು. ಕೇಳಲು ಕಲಿಸಿದ ಗುರು ತನಗೆ ಅಪ್ರಿಯವಾದುದನ್ನೂ ಕೇಳಿದನು.

ಎರಡನೆಯದು ಪ್ರವಾದಿ ಎಲೀಯನ ಕಥೆ. ಜೀವಭಯದಿಂದ ಓಡಿಹೋದ ಅವನು ಹೋರೇಬ್ ಬೆಟ್ಟದ ಗವಿಯಲ್ಲಿ ನಿಂತಾಗ ಬಿರುಗಾಳಿ ಬೀಸುತ್ತದೆ, ನೆಲ ನಡುಗುತ್ತದೆ, ಬೆಂಕಿ ಏಳುತ್ತದೆ, ಯಾವುದರಲ್ಲಿಯೂ ದೇವರಿಲ್ಲ. ಅನಂತರ ಬಂದ ಅತಿಸೂಕ್ಷ್ಮವಾದ ದನಿಗೆ ಪ್ರವಾದಿಯು ಮುಖವನ್ನು ಮುಚ್ಚಿಕೊಳ್ಳುತ್ತಾನೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ ಆ ದನಿ ಅವನನ್ನು ಸಮಾಧಾನಪಡಿಸಿ ಗವಿಯಲ್ಲೇ ಇರಗೊಡಿಸಲಿಲ್ಲ. ಪ್ರಶ್ನಿಸಿತು, ಮತ್ತೆ ಕೆಲಸಕ್ಕೆ ಕಳುಹಿಸಿತು. ದೇವರನ್ನು ಕೇಳಲು ಹೋದವನನ್ನು ದೇವರೇ ಕೇಳಿದನು.

ಮೂರನೆಯದು ಯೇಸುಸ್ವಾಮಿಯ ದೃಷ್ಟಾಂತ. ಒಬ್ಬನು ಬಂಡೆಯ ಮೇಲೆ, ಇನ್ನೊಬ್ಬನು ಮರಳಿನ ಮೇಲೆ ಮನೆ ಕಟ್ಟುತ್ತಾರೆ. ಮಳೆ ಸುರಿದು ಹೊಳೆ ಬಂದಾಗ ಒಂದು ನಿಲ್ಲುತ್ತದೆ, ಒಂದು ಬೀಳುತ್ತದೆ. ಇವರಿಬ್ಬರೂ ಮಾತನ್ನು ಕೇಳಿದವರೇ. ಒಬ್ಬನು ಕೇಳಿ ನಡೆದವನು, ಇನ್ನೊಬ್ಬನು ಕೇಳಿ ಸುಮ್ಮನಾದವನು. ಸ್ಥಿರತೆಯ ವಿಚಾರದಲ್ಲಿ ಸುವಾರ್ತೆಯ ನಿರ್ಣಯ ಇದು: ಶ್ರವಣವು ನಡತೆಯಾದಲ್ಲಿ ನಂಬಿಕೆಗೆ ನೆಲೆಗಟ್ಟು ದೊರೆಯುತ್ತದೆ. ಕನ್ನಡದಲ್ಲಿ ಈ ದೃಷ್ಟಾಂತವನ್ನು ಒಂದೇ ಧಾತುವಿನಿಂದ ವ್ಯಾಖ್ಯಾನಿಸಬಹುದು. ಇಬ್ಬರೂ ಮಾತನ್ನು ಕೇಳಿದರು. ಒಬ್ಬನು ಮಾತ್ರ ಮಾತು ಕೇಳಿದನು.

ಮನುಷ್ಯನು ಕೇಳುವುದಕ್ಕೆ ಮೊದಲು ದೇವರೇ ಕೇಳುತ್ತಾನೆ ಎಂಬ ಇನ್ನೊಂದು ಮಾತೂ ಇದೆ. ಐಗುಪ್ತದಲ್ಲಿ ಬಿಟ್ಟಿ ದುಡಿಯುತ್ತಿದ್ದ ಜನರ ಗೋಳು ತನ್ನ ಕಿವಿಗೆ ಬಿತ್ತೆಂದು ಹೇಳಿಯೇ ದೇವರು ಮೋಶೆಯನ್ನು ಕಳುಹಿಸುತ್ತಾನೆ. ದೇವರ ಮಾತನ್ನು ಕೇಳುವೆನೆಂದು ಹೊರಟವನು ದೇವರ ಕಿವಿಗೆ ಬೀಳುವ ಗೋಳನ್ನು ಕೇಳದಿರಲಾರನು.

೪

ಇಷ್ಟು ಹದವಾದ ಭಾಷೆ ಕೈಯಲ್ಲಿದ್ದೂ ಕನ್ನಡದ ಅನುವಾದಕರು ಅದನ್ನು ಎಷ್ಟರ ಮಟ್ಟಿಗೆ ಬಳಸಿಕೊಂಡರು? ಬಳ್ಳಾರಿಯ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು ತಮ್ಮ ಸಂಗಡಿಗರೊಡನೆ ಮಾಡಿದ ಸಮಗ್ರ ಅನುವಾದ ೧೮೩೧ರ ಸುಮಾರಿಗೆ ಮುಗಿಯಿತು. ಅನಂತರ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ, ಮೋಗ್ಲಿಂಗ್ ಮೊದಲಾದವರು ಅದನ್ನು ತಿದ್ದುವ ಕಾರ್ಯದಲ್ಲಿ ತೊಡಗಿದರು. ಆಮೇಲೆಯೂ ಪರಿಷ್ಕರಣಗಳು ನಡೆದಿವೆ. ಹಲವು ತಲೆಮಾರುಗಳ ಕನ್ನಡ ಕ್ರೈಸ್ತರ ನಾಲಗೆಯ ಮೇಲೆ ನಿಂತ ಸತ್ಯವೇದದ ಭಾಷೆ ಹೀಗೆ ರೂಪುಗೊಂಡುದು. ಅದರ ಗಾಂಭೀರ್ಯವನ್ನೂ ಸರಳತೆಯನ್ನೂ ಅಲ್ಲಗಳೆಯಲಾಗದು.

ಆದರೂ ಶ್ರವಣದ ವಿಷಯದಲ್ಲಿ ಆ ಭಾಷೆ ಒಂದು ಮುಖ್ಯ ಸ್ಥಳದಲ್ಲಿ ಹಿಂಜರಿದಿದೆ. ರೋಮಾಪುರದವರಿಗೆ ಬರೆದ ಪತ್ರದ ಹತ್ತನೆಯ ಅಧ್ಯಾಯದಲ್ಲಿ ನಂಬಿಕೆ ಎಲ್ಲಿಂದ ಹುಟ್ಟುತ್ತದೆಂಬುದನ್ನು ಪೌಲನು ಹೇಳುವನಷ್ಟೆ. ಅಲ್ಲಿ ಅವನು ಬಳಸಿದ ‘ಅಕೊಎ’ ಎಂಬ ಶಬ್ದಕ್ಕೆ ಕೇಳುವ ಕ್ರಿಯೆ, ಕೇಳಿದ ಸುದ್ದಿ ಎಂಬ ಎರಡು ಅರ್ಥಗಳು ಸಲ್ಲುತ್ತವೆ. ಬಹುಕಾಲದಿಂದ ರೂಢಿಯಲ್ಲಿರುವ ಕನ್ನಡ ಸತ್ಯವೇದ ಎರಡನೆಯದನ್ನು ಆರಿಸಿಕೊಂಡು, ಸಾರಲ್ಪಟ್ಟ ವಾರ್ತೆಯನ್ನು ನಂಬಿಕೆಗೆ ಆಧಾರವಾಗಿ ನಿಲ್ಲಿಸಿದೆ. ಇದು ತಪ್ಪಲ್ಲ; ಮೂಲಕ್ಕೆ ವಿರುದ್ಧವೂ ಅಲ್ಲ. ಆದರೆ ಭಾರ ಕಿವಿಯಿಂದ ಬಾಯಿಗೆ ಸರಿಯಿತು. ಕೇಳುವವನ ಕೆಲಸ ಹಿಂದಾಗಿ ಸಾರುವವನ ಕೆಲಸ ಮುಂದಾಯಿತು. ಹಾಗೆಯೇ ‘ಹುಪಕೊಎ’ ಎಂಬಲ್ಲಿ ‘ವಿಧೇಯತೆ’ ಎಂಬ ಸಂಸ್ಕೃತ ಪದ ಬಂದುದರಿಂದ ಶ್ರವಣಕ್ಕೂ ಅದಕ್ಕೂ ಇರುವ ನಂಟು ಕಾಣದಾಯಿತು. ಬೆಟ್ಟದ ಮೇಲಣ ಪ್ರಸಂಗದಲ್ಲಿ ದೇವರಲ್ಲಿ ಕೇಳಿಕೊಳ್ಳಬೇಕೆಂಬ ಮಾತಿಗೆ ‘ಬೇಡು’ ಎಂಬ ಧಾತುವನ್ನು ಹಾಕಿದುದರಿಂದ ಮೂರನೆಯ ಎಳೆಯೂ ಬಿಡಿಯಾಯಿತು. ಅರ್ಥಸ್ಪಷ್ಟತೆಗೆ ಇವೆಲ್ಲ ಅವಶ್ಯವಾಗಿದ್ದಿರಬಹುದು. ಅನುವಾದಕನು ಸಂದಿಗ್ಧತೆಗೆ ಅಂಜುವುದು ಸ್ವಾಭಾವಿಕ. ಆದರೆ ‘ಕೇಳು’ ಎಂಬುದರ ಅನೇಕಾರ್ಥತೆ ಈ ಸಂದರ್ಭದಲ್ಲಿ ದೋಷವಾಗಿರದೆ ಸಂಪತ್ತಾಗಿತ್ತೆಂಬುದನ್ನು ಅವರು ಪೂರ್ತಿಯಾಗಿ ಗ್ರಹಿಸಲಿಲ್ಲವೆಂದು ಹೇಳಬೇಕಾಗುತ್ತದೆ.

ಇದರ ಪರಿಣಾಮ ಭಕ್ತಿಗೀತಗಳಲ್ಲಿ ಕಾಣುತ್ತದೆ. ಕನ್ನಡ ಕ್ರೈಸ್ತ ಕೀರ್ತನೆಗಳಲ್ಲಿ ಹೆಚ್ಚಿನವು ಸ್ತುತಿ, ಪಶ್ಚಾತ್ತಾಪ, ಬೇಡಿಕೆ ಇವುಗಳಿಗೆ ಮೀಸಲು. ಭಕ್ತನು ಹೇಳುತ್ತಾನೆ, ದೇವರು ಕೇಳುತ್ತಾನೆ. ದೇವರು ಹೇಳಿ ಭಕ್ತನು ಮೌನವಾಗಿ ಆಲಿಸುವ ಪ್ರಸಂಗ ಅಪರೂಪ. ಹಾಡೆಂಬುದು ಬಾಯಿಯ ವ್ಯಾಪಾರವಾದ್ದರಿಂದ ಇದು ಅನಿವಾರ್ಯವೆಂದು ವಾದಿಸಬಹುದು. ಆದರೆ ಜರ್ಮನ್ ರಾಗಗಳ ಅಳತೆಗೆ ಕನ್ನಡ ಮಾತುಗಳನ್ನು ಹೊಂದಿಸಿದ ಕಡೆಗಳಲ್ಲಿ, ದೀರ್ಘ ಹ್ರಸ್ವಗಳ ಸಹಜಗತಿ ಕೆಟ್ಟು, ಕೇಳುವ ಕಿವಿಗೇ ತಡೆಯುಂಟಾಗುವುದು ಅನಿವಾರ್ಯವಲ್ಲ.

೫

ಶ್ರವಣವೆಂಬುದು ಕನ್ನಡ ನಾಡಿಗೆ ಹೊಸ ವಸ್ತುವಾಗಿರಲಿಲ್ಲ. ನವವಿಧ ಭಕ್ತಿಗಳಲ್ಲಿ ಮೊದಲನೆಯದು ಶ್ರವಣ. ವೇದಾಂತದ ಸಾಧನೆಯಲ್ಲಿ ಶ್ರವಣ, ಮನನ, ನಿದಿಧ್ಯಾಸನ ಎಂಬ ಕ್ರಮ. ವೇದಕ್ಕೆ ಶ್ರುತಿಯೆಂದೇ ಹೆಸರು. ಹಳ್ಳಿಯ ಗುಡಿಯಲ್ಲಿ ದೇವರ ಮುಡಿಯಿಂದ ಹೂವು ಬಲಕ್ಕೆ ಬೀಳುವುದೋ ಎಡಕ್ಕೆ ಬೀಳುವುದೋ ಎಂದು ಕಾಯುವ ಭಕ್ತನು ತಾನು ದೇವರನ್ನು ‘ಕೇಳುತ್ತಿರುವೆ’ನೆಂದೇ ಹೇಳುತ್ತಾನೆ. ಗಮಕಿಯ ಭಾರತವಾಚನಕ್ಕೆ ಊರೇ ಕಿವಿಯಾಗುತ್ತಿದ್ದ ನಾಡು ಇದು.

ಆದರೆ ಶ್ರವಣಕ್ಕೆ ಪುಣ್ಯವೊಂದೇ ಗುರಿಯಾದಾಗ ಆಗುವ ಹಾನಿಯನ್ನು ಒಳಗಿನಿಂದ ಕಂಡವರೊಬ್ಬರಿದ್ದರು. ಕಾರ್ಕಳದ ಸಮೀಪದ ಮಾಳದಿಂದ ಹೊರಟ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳಾಗಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರು. ತೀರ್ಥಕ್ಷೇತ್ರಗಳಲ್ಲಿ ಪುರಾಣಗಳನ್ನು ಪಠಿಸುವುದೇ ಆ ಕುಟುಂಬದ ಜೀವನೋಪಾಯವಾಗಿತ್ತು. ಕೇಳುವವರಿಗೆ ಅರ್ಥ ತಿಳಿಯಬೇಕೆಂಬ ನಿಯಮವಿರಲಿಲ್ಲ. ಕಿವಿಯ ಮೇಲೆ ಬಿದ್ದರೆ ಸಾಕು, ಪುಣ್ಯ ಬರುತ್ತಿತ್ತು. ಕ್ಷಾಮದಲ್ಲಿ ತಂದೆತಾಯಿಗಳನ್ನು ಕಳೆದುಕೊಂಡ ಆಕೆ ೧೮೮೩ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನವನ್ನು ಪಡೆದರು. ಆದರೆ ೧೯೦೭ರಲ್ಲಿ ಪ್ರಕಟವಾದ ತಮ್ಮ ಸಾಕ್ಷ್ಯಗ್ರಂಥದಲ್ಲಿ ಆಕೆ ಒಂದು ಕಠಿನ ಸತ್ಯವನ್ನು ಒಪ್ಪಿಕೊಂಡಿದ್ದಾರೆ. ದೀಕ್ಷೆಯಾದ ಸುಮಾರು ಎಂಟು ವರ್ಷಗಳವರೆಗೆ ತಮಗೆ ಕ್ರೈಸ್ತಮತ ದೊರೆತಿತ್ತೇ ಹೊರತು ಕ್ರಿಸ್ತನು ದೊರೆತಿರಲಿಲ್ಲವೆಂಬುದು ಅದರ ತಾತ್ಪರ್ಯ. ಆಕೆ ಕ್ರೈಸ್ತಸಿದ್ಧಾಂತಗಳನ್ನು ಬಹಳ ಕೇಳಿದ್ದರು. ಪಂಡಿತೆಯಾದ್ದರಿಂದ ಅವನ್ನು ತೂಗಿ ನೋಡಿದ್ದರು. ಆ ಶ್ರವಣ ತಮ್ಮನ್ನೇ ಕುರಿತಾದ ಮಾತೆಂದು ಹೊಳೆದ ಮೇಲೆ ನಂಬಿಕೆ ನೆಲೆಗೊಂಡಿತು. ಪುಣೆಯ ಕಡೆಯ ಕೇಡಗಾಂವದಲ್ಲಿ ಅನಾಥ ಸ್ತ್ರೀಯರಿಗಾಗಿ ಆಕೆ ನಡೆಸಿದ ಮುಕ್ತಿಸದನವೂ, ಹೀಬ್ರೂ ಗ್ರೀಕ್ ಮೂಲಗಳಿಂದ ಮರಾಠಿಗೆ ಮಾಡಿದ ಸತ್ಯವೇದದ ಅನುವಾದವೂ ಆ ಶ್ರವಣದ ಫಲಗಳು. ಅರ್ಥ ತಿಳಿಯದೆ ಕೇಳುವವರಿಗಾಗಿ ಓದುತ್ತಿದ್ದ ಮನೆಯ ಮಗಳು, ಅಕ್ಷರಮಾತ್ರ ಬಲ್ಲ ಹೆಂಗಸಿಗೂ ಅರ್ಥವಾಗುವ ಭಾಷೆಗಾಗಿ ಜೀವಮಾನದ ಕೊನೆಯವರೆಗೆ ಶ್ರಮಿಸಿದರು.

೬

ಇನ್ನು ಕನ್ನಡದ ಕ್ರೈಸ್ತ ಬರಹಗಾರರು. ಸಾರುವುದೇ ವೃತ್ತಿಯಾಗಿದ್ದವರು ಕೇಳುವುದನ್ನು ಕಲಿತ ಇತಿಹಾಸವೇ ಈ ವಾಙ್ಮಯದ ಅತ್ಯುತ್ತಮ ಭಾಗವೆನ್ನಬಹುದು.

೧೮೩೬ರಲ್ಲಿ ಮಂಗಳೂರಿಗೆ ಬಂದ ಮೋಗ್ಲಿಂಗರು ವಾದಪ್ರಿಯರಾದ ಬೋಧಕರು. ಪರಮತಗಳ ವಿಷಯದಲ್ಲಿ ಅವರ ಮಾತು ಹಲವೆಡೆ ಕಟುವಾಗಿದೆ. ಅದನ್ನು ಮುಚ್ಚಿಡುವ ಕಾರಣವಿಲ್ಲ. ಆದರೆ ಅವರೇ ೧೮೫೦ರಲ್ಲಿ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು. ತಾನು ಯಾರಿಗೆ ಬೋಧಿಸಬೇಕೋ ಅವರ ಮನಸ್ಸನ್ನು ಅರಿಯುವುದು ಅದರ ಒಂದು ಉದ್ದೇಶವಾಗಿದ್ದಿತೆಂಬುದು ನಿಜ. ಉದ್ದೇಶ ಮಿಶ್ರವಾಗಿದ್ದರೂ, ಹಾಡುವವರ ಬಾಯಿಂದ ಹಾಡನ್ನು ಕೇಳದೆ ಇಂಥ ಕೆಲಸ ಸಾಗುವುದಿಲ್ಲ.

ಹರ್ಮನ್ ಆನಂದರಾವ್ ಕೌಂಡಿಣ್ಯರ ಜೀವನದಲ್ಲಿ ಶ್ರವಣಕ್ಕೆ ತೆರಬೇಕಾದ ಬೆಲೆ ಕಾಣುತ್ತದೆ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ತರುಣನಾಗಿದ್ದ ಅವರು ೧೮೪೪ರ ಜನವರಿಯಲ್ಲಿ ದೀಕ್ಷೆ ಪಡೆದಾಗ ಪಟ್ಟಣವೇ ಕಲಕಿಹೋಯಿತು. ಬಂಧುಬಳಗ ದೂರವಾಯಿತು. ಬಾಸೆಲಿನಲ್ಲಿ ಅಭ್ಯಾಸ ಮಾಡಿ ೧೮೫೧ರಲ್ಲಿ ಬೋಧಕದೀಕ್ಷೆಯನ್ನು ಪಡೆದು ಹಿಂದಿರುಗಿದ ಅವರು ಪಾಠಹೇಳುವುದರಲ್ಲಿಯೂ ಸತ್ಯವೇದದ ಭಾಷಾಪರಿಷ್ಕಾರದಲ್ಲಿಯೂ ತೊಡಗಿದರು. ಕೊಡಗಿನಲ್ಲಿ ಜೀತಕ್ಕೆ ಒಳಗಾಗಿದ್ದ ದಲಿತ ಕುಟುಂಬಗಳಿಗೆ ಆನಂದಪುರದಲ್ಲಿ ನೆಲೆ ಕಲ್ಪಿಸುವ ಕಾರ್ಯದಲ್ಲಿ ಮೋಗ್ಲಿಂಗರ ಜತೆಗೂಡಿದರು. ಅಗ್ರಜಾತಿಯಲ್ಲಿ ಹುಟ್ಟಿದವನ ಕಿವಿಗೆ ಜೀತದಾಳಿನ ಗೋಳು ಬಿದ್ದುದು ಅವರ ಧರ್ಮಾಂತರದ ಅತ್ಯಂತ ಗಟ್ಟಿಯಾದ ವ್ಯಾಖ್ಯಾನ. ದೇವರ ಕರೆಯನ್ನು ಕೇಳಿದೆನೆಂಬ ಮಾತಿಗೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗುವುದಿಲ್ಲ.

ಕಿಟ್ಟೆಲರ ‘ಕಥಾಮಾಲೆ’ (೧೮೬೨) ಶ್ರವಣದೃಷ್ಟಿಯಿಂದ ವಿಶೇಷ ಗಮನಕ್ಕೆ ಪಾತ್ರವಾದ ಗ್ರಂಥ. ಕ್ರಿಸ್ತನ ಕಥೆಯನ್ನು ಅವರು ಜರ್ಮನ್ ಗೀತಗಳ ಧಾಟಿಯಲ್ಲಿ ಬರೆಯದೆ ಕನ್ನಡದ ದೇಶೀಯ ಛಂದಸ್ಸಿನಲ್ಲಿ ರಚಿಸಿದರು. ನಾಗವರ್ಮನ ‘ಛಂದೋಂಬುಧಿ’ಯನ್ನು ೧೮೭೫ರಲ್ಲಿ ಸಂಪಾದಿಸಿದ ಪಂಡಿತನಿಗೆ ಮಾತ್ರೆ ಗಣಗಳು ಶಾಸ್ತ್ರದಿಂದ ತಿಳಿದಿದ್ದುವು, ಆದರೆ ಅದಕ್ಕೂ ಮೊದಲೇ ಅವರು ಅವುಗಳನ್ನು ಕಿವಿಯಿಂದ ಕಲಿತಿದ್ದರೆಂಬುದಕ್ಕೆ ಈ ಕೃತಿ ಪ್ರಮಾಣ. ಕಾವ್ಯವೆಂದು ಅಳೆದರೆ ಇದು ಪ್ರಥಮವರ್ಗದ ಕೃತಿಯಲ್ಲ; ಕಲ್ಪನೆಯ ಸ್ವಾತಂತ್ರ್ಯ ಕಡಮೆ, ಸುವಾರ್ತೆಯ ಕಥಾಕ್ರಮಕ್ಕೆ ಕಟ್ಟುಬಿದ್ದ ನಡೆ. ಆದರೂ ಗಮಕಕ್ಕೆ ಒಗ್ಗಿದ ಜನರ ಕಿವಿಯನ್ನು ಗೌರವಿಸಿದ ಕ್ರಿಸ್ತಕಥೆ ಇದು. ಸಾರುವವನು ಕೇಳುವವನ ಮನೆಯ ಅಂಗಳಕ್ಕೆ ಬಂದು ಕುಳಿತಿದ್ದಾನೆ.

೭

ಈ ಪರಂಪರೆಯು ಪಕ್ವವಾದುದು ಉತ್ತಂಗಿ ಚೆನ್ನಪ್ಪನವರಲ್ಲಿ. ೧೮೮೧ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಬೋಧಕರು. ಊರೂರು ತಿರುಗಿ ಸುವಾರ್ತೆಯನ್ನು ಸಾರುವುದು ಅವರ ಕರ್ತವ್ಯವಾಗಿತ್ತು. ಹೋದ ಹೋದ ಹಳ್ಳಿಗಳಲ್ಲಿ ಸರ್ವಜ್ಞನ ತ್ರಿಪದಿಗಳು ಅವರ ಕಿವಿಗೆ ಬಿದ್ದುವು. ಜನರ ಬಾಯಿಂದಲೂ ಹಸ್ತಪ್ರತಿಗಳಿಂದಲೂ ವರ್ಷಗಟ್ಟಲೆ ಅವನ್ನು ಕೂಡಿಸಿ, ಪಾಠಗಳನ್ನು ಹೋಲಿಸಿ, ೧೯೨೪ರಲ್ಲಿ ‘ಸರ್ವಜ್ಞನ ವಚನಗಳು’ ಎಂಬ ಸಂಕಲನವನ್ನು ಹೊರತಂದರು. ಸರ್ವಜ್ಞನನ್ನು ಕುರಿತ ಮುಂದಿನ ಅಧ್ಯಯನಗಳಿಗೆಲ್ಲ ಅದು ಅಡಿಪಾಯವಾಯಿತು. ಬೋಧಿಸಲು ಹೋದವನು ಕೇಳಿಸಿಕೊಂಡು ಬಂದನು. ೧೯೫೧ರಲ್ಲಿ ಅವರು ಅನುಭವಮಂಟಪದ ಐತಿಹಾಸಿಕತೆಯನ್ನು ಎತ್ತಿಹಿಡಿದು ಗ್ರಂಥ ಬರೆದರು. ಶರಣರು ಒಬ್ಬರ ಮಾತನ್ನೊಬ್ಬರು ಆಲಿಸಿದ ಸಭೆಯ ಪರವಾಗಿ ಒಬ್ಬ ಕ್ರೈಸ್ತ ಪಾದ್ರಿ ವಾದಿಸಿದುದು ಕನ್ನಡದ ವಿದ್ವತ್ತಿನ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ೧೯೪೯ರಲ್ಲಿ ಕಲಬುರಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು.

ಹಾಗಾದರೆ ಅವರ ಕ್ರೈಸ್ತನಂಬಿಕೆ ಸಡಿಲವಾಯಿತೇ? ಪರರ ಮಾತಿಗೆ ಕಿವಿಗೊಟ್ಟವನ ಸ್ವಂತ ನಂಬಿಕೆ ಶಿಥಿಲವಾಗುವುದೆಂಬ ಭಯ ಎಲ್ಲ ಮತಗಳಲ್ಲಿಯೂ ಇದೆ. ಆ ಭಯಕ್ಕೆ ಉತ್ತಂಗಿಯವರ ಬಾಳು ಉತ್ತರ. ಅವರು ಕೊನೆಯವರೆಗೂ ಕ್ರಿಸ್ತನನ್ನು ಬಿಡಲಿಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರೇ ಅವರ ನಿಲುವನ್ನು ತಿಳಿಸುತ್ತದೆ. ಬೆತ್ಲೆಹೇಮು ಬನಾರಸಕ್ಕೆ ಆಜ್ಞೆ ಮಾಡುತ್ತಿಲ್ಲ, ಖಂಡನೆಯನ್ನೂ ಕಳುಹಿಸುತ್ತಿಲ್ಲ. ವಿನಂತಿಸುತ್ತದೆ, ಎಂದರೆ ಕೇಳಿಕೊಳ್ಳುತ್ತದೆ. ಕೇಳಿಕೊಳ್ಳುವ ಅಧಿಕಾರ ಕೇಳಿಸಿಕೊಂಡವನಿಗೆ ಮಾತ್ರ ಉಂಟೆಂಬುದನ್ನು ಅವರು ಬಲ್ಲವರಾಗಿದ್ದರು. ಸ್ಥಿರತೆಯೆಂದರೆ ಕಿವಿ ಮುಚ್ಚಿಕೊಳ್ಳುವುದೆಂದು ತಿಳಿದವರು ಈ ಬಾಳನ್ನು ಗಮನಿಸತಕ್ಕದ್ದು.

ಶ್ರವಣಮಾರ್ಗಕ್ಕೆ ಇರುವ ನಿಜವಾದ ಅಪಾಯ ಬೇರೆ. ತನ್ನ ಇಚ್ಛೆಯ ದನಿಯನ್ನೇ ದೇವರ ದನಿಯೆಂದು ಭ್ರಮಿಸುವುದು ಮನುಷ್ಯನಿಗೆ ಸುಲಭ. ದೇವರು ತನಗೆ ಹೇಳಿದನೆಂದು ನಂಬಿ ಅನ್ಯಾಯವೆಸಗಿದವರ ಉದಾಹರಣೆಗಳು ಇತಿಹಾಸದಲ್ಲಿ ಬೇಕಾದಷ್ಟಿವೆ. ಇದಕ್ಕೆ ಪ್ರತಿಬಂಧಕಗಳೂ ಮೇಲಿನ ಕಥೆಗಳಲ್ಲೇ ಇವೆ. ಸಮುವೇಲನಿಗೆ ಏಲಿಯ ನೆರವು ಬೇಕಾಯಿತು. ಆದ್ದರಿಂದ ಒಬ್ಬಂಟಿಯ ಶ್ರವಣ ಸಾಲದು. ಎಲೀಯನಿಗೆ ಪ್ರಿಯವಾದ ಮಾತು ಬರಲಿಲ್ಲ. ಆದ್ದರಿಂದ ತನಗೆ ಒಪ್ಪುವುದನ್ನೇ ಸದಾ ಹೇಳುವ ದನಿಯನ್ನು ಶಂಕಿಸಬೇಕು. ನಾಜೀ ಆಳ್ವಿಕೆಯನ್ನು ಎದುರಿಸಿ ೧೯೪೫ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದ ಜರ್ಮನ್ ಧರ್ಮಶಾಸ್ತ್ರಜ್ಞ ಡೀಟ್ರಿಖ್ ಬಾನ್‌ಹೋಫರರು ೧೯೩೯ರಲ್ಲಿ ಪ್ರಕಟವಾದ ಸಹಜೀವನವನ್ನು ಕುರಿತ ಗ್ರಂಥದಲ್ಲಿ ಸೋದರನ ಮಾತನ್ನು ಆಲಿಸುವುದನ್ನು ಮೊದಲ ಸೇವೆಯೆಂದು ಪರಿಗಣಿಸಿದ್ದಾರೆ. ಅದನ್ನು ಬಿಟ್ಟವನಿಗೆ ದೇವರ ಮಾತೂ ಕೇಳಿಸದಾಗುವುದೆಂಬುದು ಅವರ ಎಚ್ಚರಿಕೆ. ದೇಶದ ದೇಶವೇ ಒಬ್ಬನ ಕೂಗಿಗೆ ತಲೆದೂಗುತ್ತಿದ್ದಾಗ ಬರೆದ ಮಾತು ಅದು.

೮

ಉತ್ತಂಗಿಯವರು ೧೯೬೨ರಲ್ಲಿ ತೀರಿಕೊಂಡರು. ಅದೇ ವರ್ಷ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ನಿಗಮ ಸ್ಥಾಪನೆಗೊಂಡು, ವಾಗ್ಳೆ ಎಸ್ಟೇಟ್ ಅದರ ಮೊದಲ ಔದ್ಯೋಗಿಕ ಕ್ಷೇತ್ರವಾಯಿತು. ಇವೆರಡಕ್ಕೂ ಕಾರ್ಯಕಾರಣಸಂಬಂಧವೇನೂ ಇಲ್ಲ. ಆದರೆ ಹಳ್ಳಿಯ ಜಗಲಿಯಲ್ಲಿ ತ್ರಿಪದಿಯನ್ನು ಆಲಿಸಿದ ತಲೆಮಾರು ಹಿಂದೆ ಸರಿದು, ಯಂತ್ರಗಳ ನಡುವೆ ಮಾತನ್ನು ಕೂಗಿ ಹೇಳಬೇಕಾದ ತಲೆಮಾರು ಮುಂದೆ ಬಂದುದಕ್ಕೆ ಆ ವರ್ಷವನ್ನು ಗುರುತಾಗಿ ಇಟ್ಟುಕೊಳ್ಳಬಹುದು. ಇಂದು ಅಲ್ಲಿಯ ಅನೇಕ ಕಾರ್ಖಾನೆಗಳ ಜಾಗದಲ್ಲಿ ಕಚೇರಿಗಳೆದ್ದಿವೆ. ಸದ್ದು ಕಡಮೆಯಾಗಿಲ್ಲ, ಅದರ ಬಗೆ ಬದಲಾಗಿದೆ.

ಲೇಥಿನ ಮುಂದೆ ನಿಂತು ದುಡಿದ ಅನುಭವಿ ಕೆಲಸಗಾರನು ಬೇರಿಂಗು ಸವೆದುದನ್ನು ಕಣ್ಣಿಗೆ ಕಾಣುವ ಮೊದಲೇ ಕಿವಿಯಿಂದ ತಿಳಿಯುತ್ತಾನೆ. ನೂರು ಸದ್ದುಗಳಲ್ಲಿ ತಪ್ಪಿದ ಒಂದು ಸದ್ದನ್ನು ಆರಿಸುವ ಕಿವಿ ವರ್ಷಗಳ ಅಭ್ಯಾಸದಿಂದ ಬರತಕ್ಕದ್ದು. ಕೇಳಿದ ಮೇಲೆ ಯಂತ್ರವನ್ನು ನಿಲ್ಲಿಸುವ ಕರ್ತವ್ಯವೂ ಅವನದೇ. ಭಕ್ತನ ಶ್ರವಣವೂ ಇಂಥ ಅಭ್ಯಾಸವೇ. ಅದಕ್ಕೆ ನಿಶ್ಶಬ್ದವಾದ ಗವಿ ದೊರೆಯಬೇಕೆಂದಿಲ್ಲ. ಸದ್ದಿನ ನಡುವೆ ಒಂದು ದನಿಯನ್ನು ಗುರುತಿಸುವ ಸಂಸ್ಕಾರವೂ, ಗುರುತಿಸಿದಂತೆ ನಡೆಯುವ ಧೈರ್ಯವೂ ಇದ್ದರೆ ಸಾಕು.

ಕನ್ನಡ ಕ್ರೈಸ್ತ ವಾಙ್ಮಯ ಈ ಸಂಸ್ಕಾರಕ್ಕೆ ಸಲ್ಲಿಸಿದ ಕಾಣಿಕೆ ಪರಿಮಾಣದಲ್ಲಿ ಅಲ್ಪವಾಗಿರಬಹುದು. ಅನುವಾದದಲ್ಲಿ ಅದು ಒಂದು ಅವಕಾಶವನ್ನು ಕಳೆದುಕೊಂಡಿತು. ಕೀರ್ತನೆಯಲ್ಲಿ ಬಾಯಿಗೆ ಕೊಟ್ಟಷ್ಟು ಎಡೆಯನ್ನು ಕಿವಿಗೆ ಕೊಡಲಿಲ್ಲ. ಆದರೆ ಸಂಗ್ರಾಹಕ ಮೋಗ್ಲಿಂಗ್, ಆನಂದಪುರದ ಕೌಂಡಿಣ್ಯ, ‘ಕಥಾಮಾಲೆ’ಯ ಕಿಟ್ಟೆಲ್, ಸರ್ವಜ್ಞನ ಹಿಂದೆ ಹೋದ ಉತ್ತಂಗಿ ಇವರ ಮೂಲಕ ಅದು ಕನ್ನಡದ ಧಾತುವಿಗೆ ಬಾಳಿನಲ್ಲಿ ಭಾಷ್ಯವನ್ನು ಬರೆಯಿತು. ಆಲಿಸುವುದು, ಪ್ರಶ್ನಿಸುವುದು, ನಡೆಯುವುದು ಈ ಮೂರೂ ಒಂದಾದಲ್ಲಿ ನಂಬಿಕೆ ನಿಲ್ಲುತ್ತದೆ. ಒಂದು ಬಿಟ್ಟರೂ ಮನೆ ಮರಳಿನ ಮೇಲಾಗುತ್ತದೆ. ಮುಂದೆ ಸತ್ಯವೇದವನ್ನು ಕನ್ನಡದಲ್ಲಿ ಪರಿಷ್ಕರಿಸುವವರೂ, ಹೊರನಾಡಿನಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸುವವರೂ ಈ ಪುಟ್ಟ ಧಾತುವನ್ನು ಅದರ ಮೂರು ಅರ್ಥಗಳೊಡನೆ ಕಾಪಾಡಿಕೊಳ್ಳುವುದು ಉಚಿತ. ‘ಕೇಳು’ ಎಂದಾಗ ಪ್ರಶ್ನೆಯನ್ನು ಮಾತ್ರ ಗ್ರಹಿಸುವ ಮಗುವಿಗೆ ಶಬ್ದ ಉಳಿದರೂ ಅದರ ಮೂರರಲ್ಲಿ ಎರಡು ಭಾಗ ನಷ್ಟವಾದಂತೆಯೇ.